ಪೆಕಾನ್ ಎಂಬ ಹಿಕರಿ ವೃಕ್ಷ ಮತ್ತು ಅದರ ಬೇಸಾಯ

ಅಕ್ರೋಟಿನ ಕುಟುಂಬಕ್ಕೆ ಸೇರಿದ ಹಿಕರಿ ಎಂಬ ವೃಕ್ಷಜಾತಿಯು ನಮ್ಮ ನಾಡಿನ ಜನರಿಗೆ ಹೆಸರಿನಿಂದಲೂ ಅಷ್ಟಾಗಿ ಪರಿಚಿತವಾದುದಲ್ಲ. ಆದರೆ ಈ ಜಾತಿಯ ಒಂದು ಮರದ ಬೀಜವು ಪೆಕಾನ್ ಎಂಬ ಹೆಸರಿನಿಂದ ಈಚೆಗೆ ದೊಡ್ಡ ಪಟ್ಟಣಗಳ ಒಣಹಣ್ಣಿನ ಅಂಗಡಿಗಳಲ್ಲಿ ಗೋಡಂಬಿ, ಬಾದಾಮಿಗಳ ಪಕ್ಕದಲ್ಲಿ ಕಾಣಿಸಿಕೊಳ್ಳುತ್ತಿದೆ. ಅದರ ಬೆಲೆಯನ್ನು ಕೇಳಿದ ಹಿಡುವಳಿದಾರರು, ಇಂತಹ ಮರವನ್ನು ತಮ್ಮ ತೋಟಗಳಲ್ಲಿಯೂ ಹೊಲದ ಬದುಗಳಲ್ಲಿಯೂ ಏಕೆ ನೆಡಬಾರದೆಂದು ವಿಚಾರಿಸುವುದು ಸಹಜವಾದುದೇ. ಪರಂತು ಮರದ ಬೇಸಾಯವು ರಾಗಿಯ ಬೇಸಾಯದಂತಲ್ಲ. ರಾಗಿ ಕೆಟ್ಟರೆ ಒಂದು ವರ್ಷ ಕೆಟ್ಟಿತು. ಮರವನ್ನು ತಪ್ಪಾಗಿ ಆರಿಸಿದರೆ, ತಪ್ಪು ಗೊತ್ತಾಗುವ ಹೊತ್ತಿಗೆ ಹತ್ತು ವರ್ಷಗಳು ಕಳೆದಿರುತ್ತವೆ, ಹೂಡಿದ ಹಣವೂ ನೀರೂ ಹೋಗಿರುತ್ತವೆ. ಆದಕಾರಣ ಈ ವೃಕ್ಷದ ಗುಣವೇನು, ಅದು ಯಾವ ನೆಲದಲ್ಲಿ ಯಾವ ಹವೆಯಲ್ಲಿ ಫಲಿಸುತ್ತದೆ, ಎಲ್ಲಿ ಫಲಿಸುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಲೇಸು.

ಹಿಕರಿ ಜಾತಿಯ ಸಾಮಾನ್ಯ ಸ್ವರೂಪ

ಹಿಕರಿ ಜಾತಿಯಲ್ಲಿ ಹದಿನೇಳು ಹದಿನೆಂಟು ಬಗೆಯ ಮರಗಳಿವೆ. ಇವುಗಳಲ್ಲಿ ಬಹುಭಾಗವು ಉತ್ತರ ಅಮೆರಿಕಾ ಖಂಡದ ಪೂರ್ವಾರ್ಧಕ್ಕೆ ಸೇರಿದವು. ಕೆಲವು ಮಾತ್ರ ಚೀಣಾ, ವಿಯೆಟ್ನಾಂ ಮುಂತಾದ ಕಡೆಗಳಲ್ಲಿ ಬೆಳೆಯುತ್ತವೆ. ಹಿಕರಿ ಎಂಬ ಹೆಸರು ಅಮೆರಿಕಾದ ಮೂಲನಿವಾಸಿಗಳ ಭಾಷೆಯಿಂದ ಬಂದುದು. ಅವರು ಈ ಕಾಯಿಗಳನ್ನು ಚಿಪ್ಪು ಸಮೇತ ಕುಟ್ಟಿ, ನೀರಿನಲ್ಲಿ ಕುದಿಸಿ, ಸೋಸಿ, ಹಾಲಿನಂತಹ ಕೊಬ್ಬಿನ ದ್ರವವನ್ನು ತೆಗೆದು ಅಡಿಗೆಗೆ ಬಳಸುತ್ತಿದ್ದರು. ಆ ಹಾಲಿನ ಹೆಸರೇ ಮರಕ್ಕೆ ನಿಂತಿತು. ನಮ್ಮಲ್ಲಿ ತೆಂಗಿನಕಾಯಿಯ ಹಾಲನ್ನು ತೆಗೆಯುವ ಕ್ರಮವನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರಲಾರದು.

ಈ ಜಾತಿಯ ಹಲವು ಮರಗಳು ಕಾಯಿಗಿಂತ ಹೆಚ್ಚಾಗಿ ಚೌಬೀನೆಗಾಗಿಯೇ ಹೆಸರುವಾಸಿಯಾದವು. ನಮ್ಮ ಕಡೆಯಲ್ಲಿ ಕೊಡಲಿಯ ಕಾವಿಗೂ ಗಾಡಿಯ ಅಚ್ಚಿಗೂ ದಿಂಡಿಗದ ಮರವನ್ನು ಹುಡುಕಿಕೊಂಡು ಹೋಗುವಂತೆ, ಅಮೆರಿಕಾದಲ್ಲಿ ಕೊಡಲಿ, ಸುತ್ತಿಗೆ, ಪಿಕಾಸಿಗಳ ಕಾವಿಗೆ ಹಿಕರಿಯನ್ನೇ ಹುಡುಕುತ್ತಾರೆ. ಪೆಟ್ಟನ್ನು ತಾಳಿಕೊಂಡು, ಬಾಗಿ, ಮುರಿಯದೆ ಮರಳಿ ನೆಟ್ಟಗಾಗುವ ಗುಣವು ಈ ಮರದಲ್ಲಿ ವಿಶೇಷವಾಗಿರುವುದು. ಅದರ ಸೌದೆಯ ಕಾವೂ ಹೆಚ್ಚು. ಇವುಗಳ ಪೈಕಿ ತೊಗಟೆಯು ಉದ್ದುದ್ದ ಪಟ್ಟಿಗಳಾಗಿ ಎದ್ದು ಜೋಲಾಡುವ ಒಂದು ಬಗೆಯನ್ನು ಜಡೆತೊಗಟೆಯ ಹಿಕರಿ ಎಂದು ಕರೆಯಬಹುದು. ಅದರ ಎಲೆಯಲ್ಲಿ ಸಾಮಾನ್ಯವಾಗಿ ಐದು ಕಿರುಎಲೆಗಳಿರುತ್ತವೆ. ಬೀಜ ಮೊಳೆತ ಮೊದಲನೆಯ ವರ್ಷದಲ್ಲಿ ನೆಲದ ಮೇಲೆ ಕೆಲವೇ ಅಂಗುಲಗಳಷ್ಟು ಸಸಿಯು ಕಾಣಿಸುವಾಗ, ನೆಲದೊಳಗೆ ತಾಯಿಬೇರು ಎರಡು ಮೂರು ಅಡಿ ಇಳಿದಿರುವುದುಂಟು. ಆದರೆ ಅದು ತಕ್ಕಮಟ್ಟಿಗೆ ಕಾಯಿ ಬಿಡಬೇಕಾದರೆ ನಲವತ್ತು ವರ್ಷ ಬೇಕು. ಅಷ್ಟು ಕಾಲ ಕಾಯುವ ಬೇಸಾಯಗಾರನು ಎಲ್ಲಿಯೂ ಇಲ್ಲವಾದುದರಿಂದ ಅದನ್ನು ಕಾಡಿನಲ್ಲಿ ಬಿಟ್ಟು, ತೋಟಕ್ಕೆ ಪೆಕಾನನ್ನೇ ಆರಿಸಿಕೊಂಡಿರುವರು.

ಪೆಕಾನ್ ಮರದ ಲಕ್ಷಣಗಳು

ಹಿಕರಿಗಳಲ್ಲೆಲ್ಲಾ ಪೆಕಾನ್ ಅತ್ಯಂತ ದೊಡ್ಡದು. ಕಾಡಿನಲ್ಲಿ ನೂರು ಅಡಿಗೆ ಮೇಲ್ಪಟ್ಟು ಬೆಳೆಯುವುದು ಸಾಮಾನ್ಯ. ಹಳೆಯ ಮರದ ಬೊಡ್ಡೆಯ ಅಡ್ಡಳತೆಯು ನಾಲ್ಕು ಅಡಿಯನ್ನು ಮೀರುವುದೂ ಉಂಟು. ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಬದುಕಿ ಕಾಯಿ ಬಿಡುವ ಮರಗಳಿವೆ. ಎಲೆಯು ಗರಿಯಂತೆ ಸೀಳಿ, ಒಂದು ದಂಟಿನಲ್ಲಿ ಒಂಬತ್ತರಿಂದ ಹದಿನೇಳರ ವರೆಗೆ ಕಿರುಎಲೆಗಳನ್ನು ಹೊಂದಿರುತ್ತದೆ. ಪ್ರತಿಯೊಂದು ಕಿರುಎಲೆಯೂ ಕುಡುಗೋಲಿನಂತೆ ಒಂದು ಕಡೆಗೆ ಬಾಗಿ, ಅಂಚಿನಲ್ಲಿ ಗರಗಸದ ಹಲ್ಲುಗಳನ್ನು ಹೊಂದಿರುವುದರಿಂದ, ಬೇವಿನ ಎಲೆಯನ್ನು ಹಲವು ಪಾಲು ಹಿಗ್ಗಿಸಿದರೆ ಹೇಗೋ ಹಾಗೆ ಕಾಣುತ್ತದೆಂದು ಹೇಳಬಹುದು. ಚಳಿಗಾಲದಲ್ಲಿ ಎಲೆಯೆಲ್ಲಾ ಉದುರಿ ಮರವು ನಿದ್ರೆ ಹೋಗುತ್ತದೆ. ಈ ನಿದ್ರೆಯ ವಿಷಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರಿಂದಲೇ ಮುಖ್ಯವಾದ ತೀರ್ಮಾನವು ಹೊರಡುವುದು.

ಕಾಯಿಗಳು ಗೊಂಚಲಾಗಿ ಕಚ್ಚುತ್ತವೆ. ಹಸುರು ಸಿಪ್ಪೆಯು ಬಲಿತ ಮೇಲೆ ನಾಲ್ಕು ಹೋಳಾಗಿ ಬಿರಿದು, ಒಳಗಿನ ನೀಳವಾದ ಕಾಯಿಯು ಕೆಳಕ್ಕೆ ಉದುರುತ್ತದೆ. ಚಿಪ್ಪು ತೆಳುವಾದುದು; ಒಳ್ಳೆಯ ತಳಿಗಳಲ್ಲಿ ಎರಡು ಕಾಯಿಗಳನ್ನು ಅಂಗೈಯಲ್ಲಿ ಒತ್ತಿದರೆ ಒಡೆಯುವಷ್ಟು ತೆಳುವು. ತಿರುಳಿನಲ್ಲಿ ನೂರಕ್ಕೆ ಸುಮಾರು ೭೦ ಪಾಲು ಎಣ್ಣೆಯಿದೆ. ತೋಟದ ತಳಿಗಳಲ್ಲಿ ಒಂದು ಪೌಂಡಿಗೆ ೪೦ ರಿಂದ ೧೦೦ ಕಾಯಿಗಳು ತೂಗುತ್ತವೆ. ಕಾಡುಮರದ ಕಾಯಿಗಳು ಚಿಕ್ಕವಾದುದರಿಂದ ನೂರಕ್ಕೂ ಮಿಕ್ಕಿ ಬೇಕಾಗುವುದು. ಎಣ್ಣೆಯ ಅಂಶವು ಹೆಚ್ಚಾಗಿರುವ ಕಾರಣ ತಿರುಳು ಬೇಗನೆ ಕಮಟಾಗುತ್ತದೆಂಬುದನ್ನು ವ್ಯಾಪಾರ ಮಾಡುವವರು ಮರೆಯಬಾರದು.

ಪೆಕಾನಿನ ತವರು ಮತ್ತು ಚರಿತ್ರೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನಡುವೆ ಹರಿಯುವ ಮಿಸಿಸಿಪ್ಪಿ ನದಿ ಮತ್ತು ಅದರ ಉಪನದಿಗಳ ಮೆಕ್ಕಲು ಭೂಮಿಯೇ ಪೆಕಾನಿನ ತವರು. ಉತ್ತರದಲ್ಲಿ ಇಲಿನಾಯ್, ಅಯೋವಾ ಪ್ರಾಂತಗಳಿಂದ ಹಿಡಿದು ದಕ್ಷಿಣದಲ್ಲಿ ಲೂಸಿಯಾನಾ, ಟೆಕ್ಸಾಸ್ ಪ್ರಾಂತಗಳ ವರೆಗೂ, ಅಲ್ಲಿಂದಾಚೆಗೆ ಮೆಕ್ಸಿಕೋ ದೇಶದ ಹೊಳೆದಂಡೆಗಳಲ್ಲಿಯೂ ಅದು ತಾನಾಗಿಯೇ ಬೆಳೆದಿದೆ. ೧೫೨೮ರಲ್ಲಿ ಟೆಕ್ಸಾಸ್ ಕಡಲತೀರದಲ್ಲಿ ಹಡಗು ಒಡೆದು ಸಿಕ್ಕಿಬಿದ್ದ ಕಬೇಸಾ ದೆ ವಾಕಾ ಎಂಬ ಸ್ಪೇನ್ ದೇಶದವನು, ಅಲ್ಲಿನ ಜನರು ಹೊಳೆಯ ದಂಡೆಗೆ ಬಂದು ವರ್ಷದಲ್ಲಿ ಎರಡು ತಿಂಗಳು ಈ ಕಾಯಿಗಳನ್ನೇ ತಿಂದು ಜೀವಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಪ್ರತಿವರ್ಷವೂ ಸಮನಾಗಿ ಕಾಯಿ ಬರುವುದಿಲ್ಲವೆಂಬುದನ್ನೂ ಅವನು ಆಗಲೇ ಗಮನಿಸಿದ್ದನು.

ಮುಂದೆ ಬಿಳಿಯರು ಆ ಪ್ರದೇಶಗಳಲ್ಲಿ ನೆಲೆಸಿದಾಗ, ಕಾಯಿಗಾಗಿ ಕೊಂಬೆಗಳನ್ನೂ ಕೆಲವೊಮ್ಮೆ ಮರವನ್ನೇ ಕಡಿದು ಕೆಡವುವ ದುರಭ್ಯಾಸವು ಟೆಕ್ಸಾಸಿನಲ್ಲಿ ಹಬ್ಬಿತು. ಹತ್ತಿಯ ಹೊಲಗಳಿಗೆ ಜಾಗ ಮಾಡುವುದಕ್ಕೂ ಮರಗಳು ಬಿದ್ದವು. ಆ ಪ್ರಾಂತದ ಗವರ್ನರಾಗಿದ್ದ ಜೇಮ್ಸ್ ಹಾಗ್ ಎಂಬವರು ೧೯೦೬ರಲ್ಲಿ ಮರಣಹೊಂದುವುದಕ್ಕೆ ಮುಂಚೆ, ತಮ್ಮ ಸಮಾಧಿಗೆ ಕಲ್ಲು ಬೇಡ, ತಲೆಯ ಕಡೆ ಒಂದು ಪೆಕಾನ್ ಮರವನ್ನೂ ಕಾಲಿನ ಕಡೆ ಒಂದು ಅಕ್ರೋಟಿನ ಮರವನ್ನೂ ನೆಟ್ಟು, ಅವುಗಳ ಕಾಯಿಗಳನ್ನು ಸಾಮಾನ್ಯ ಜನರಿಗೆ ಬಿತ್ತುವುದಕ್ಕೆ ಹಂಚಿರೆಂದು ಕೇಳಿಕೊಂಡರು. ೧೯೧೯ರಲ್ಲಿ ಪೆಕಾನ್ ಆ ಪ್ರಾಂತದ ರಾಜ್ಯವೃಕ್ಷವೆಂದು ಶಾಸನವಾಯಿತು. ಹಾಗ್ ಅವರ ಉದ್ದೇಶವು ಉದಾರವಾದುದೇ. ಆದರೆ ಬೀಜವನ್ನು ಹಂಚುವುದರಿಂದ ಒಳ್ಳೆಯ ತೋಟವಾಗುವುದಿಲ್ಲವೆಂಬುದು ಪೆಕಾನಿನ ಮೊದಲನೆಯ ಪಾಠ. ಮಾವಿನ ಓಟೆಯಿಂದ ಎದ್ದ ಗಿಡವು ತಾಯಿಮರವನ್ನು ಹೋಲದಿರುವಂತೆ, ಪೆಕಾನಿನ ಬೀಜದಿಂದ ಎದ್ದ ಗಿಡವೂ ಹೋಲುವುದಿಲ್ಲ. ನೂರು ಬೀಜಗಳಿಂದ ನೂರು ಬಗೆಯ ಮರಗಳು. ಅವುಗಳಲ್ಲಿ ತಾಯಿಯಷ್ಟು ಒಳ್ಳೆಯದು ಒಂದಾದರೂ ಇದ್ದರೆ ಅದೃಷ್ಟ.

ಈ ಕಷ್ಟವನ್ನು ಪರಿಹರಿಸಿದವನು ಯಾವ ಪಂಡಿತನೂ ಅಲ್ಲ, ಒಬ್ಬ ಗುಲಾಮನು. ಲೂಸಿಯಾನಾ ಪ್ರಾಂತದ ಮಿಸಿಸಿಪ್ಪಿ ದಂಡೆಯಲ್ಲಿ, ಈಗ ಓಕ್ ಆಲಿ ಎಂದು ಹೆಸರಾದ ಕಬ್ಬಿನ ಎಸ್ಟೇಟಿನಲ್ಲಿ ಆಂಟ್ವಾನ್ ಎಂಬ ತೋಟದ ಕೆಲಸದವನಿದ್ದನು. ತೆಳುಚಿಪ್ಪಿನ ದೊಡ್ಡ ಕಾಯಿಗಳನ್ನು ಬಿಡುವ ಒಂದು ಮರದ ಕಡ್ಡಿಗಳನ್ನು ನೆರೆಯ ವೈದ್ಯನೊಬ್ಬನು ಕಸಿ ಕಟ್ಟಲು ಪ್ರಯತ್ನಿಸಿ ಸೋತು, ಎಸ್ಟೇಟಿನ ಯಜಮಾನನಿಗೆ ಕೊಟ್ಟನು. ಅವು ಆಂಟ್ವಾನನ ಕೈಗೆ ಬಂದವು. ೧೮೪೬ರ ಸುಮಾರಿನ ಚಳಿಗಾಲದಲ್ಲಿ ಅವನು ಹದಿನಾರು ಮರಗಳ ಮೇಲೆ ಕಸಿ ಕಟ್ಟಿ ಗೆದ್ದನು. ಪೆಕಾನಿನ ತೋಟಗಾರಿಕೆಯು ಪ್ರಾರಂಭವಾದುದು ಆ ದಿನದಿಂದಲೇ ಎನ್ನಬೇಕು. ಯಜಮಾನನು ಸತ್ತ ಬಳಿಕ ೧೮೪೮ರಲ್ಲಿ ಆಸ್ತಿಯ ಪಟ್ಟಿಯನ್ನು ಮಾಡಿದಾಗ, ಆ ಪಟ್ಟಿಯಲ್ಲಿ ಆಂಟ್ವಾನನ ಹೆಸರೂ ಇದೆ: ವಯಸ್ಸು ೩೮, ಪೆಕಾನ್ ಕಸಿಯಲ್ಲಿ ನಿಪುಣನಾದ ತೋಟಗಾರ, ಬೆಲೆ ಒಂದು ಸಾವಿರ ಡಾಲರು. ಅವನ ಮರಗಳ ಕಾಯಿಗಳು ೧೮೭೬ರಲ್ಲಿ ಫಿಲಡೆಲ್ಫಿಯಾ ನಗರದ ಶತಮಾನೋತ್ಸವದ ವಸ್ತುಪ್ರದರ್ಶನದಲ್ಲಿ ಮೆಚ್ಚಿಕೆ ಪಡೆದು, ಆ ತಳಿಗೆ ಸೆಂಟೆನಿಯಲ್ ಎಂಬ ಹೆಸರು ಬಂದಿತು. ಪ್ರದರ್ಶನದಲ್ಲಿ ಇಟ್ಟವನು ಆಗಿನ ಯಜಮಾನನು. ಆಂಟ್ವಾನನ ಹೆಸರು ತಳಿಗೆ ಬರಲಿಲ್ಲ. ಅವನ ಕಸಿಮರಗಳ ತೋಪಿನ ಬಹುಭಾಗವನ್ನು ಮುಂದೆ ಬಂದವರು ಕಬ್ಬು ಹಾಕುವುದಕ್ಕಾಗಿ ಕಡಿದುಬಿಟ್ಟರು.

ಕಸಿ ಮಾಡುವ ಕ್ರಮ

ಪೆಕಾನಿನ ಬೇರುಸಸಿಗಳನ್ನು ಬೀಜದಿಂದಲೇ ಎಬ್ಬಿಸುತ್ತಾರೆ. ಬೀಜವನ್ನು ತೇವವಾದ ಮರಳಿನಲ್ಲಿಯೋ ಹಾಸಿನಲ್ಲಿಯೋ ಇಟ್ಟು ಎರಡು ಮೂರು ತಿಂಗಳು ಶೀತಕ್ಕೆ ಒಡ್ಡಿದರೆ ಅದು ಸಮನಾಗಿ ಮೊಳೆಯುತ್ತದೆ. ಸಸಿಯು ಬೆರಳಿನ ಗಾತ್ರವಾದ ಮೇಲೆ ಕಸಿಗೆ ಯೋಗ್ಯವಾಗುವುದು. ಬೇಸಗೆಯ ಕಡೆಯಲ್ಲಿ ತೊಗಟೆಯು ಸುಲಭವಾಗಿ ಸುಲಿಯುವಾಗ, ಸಸಿಯ ತೊಗಟೆಯಲ್ಲಿ ಒಂದು ಚೌಕ ತುಂಡನ್ನು ತೆಗೆದುಹಾಕಿ, ಒಳ್ಳೆಯ ತಳಿಯ ಕಡ್ಡಿಯಿಂದ ಅದೇ ಅಳತೆಯ ಚೌಕವನ್ನು ಒಂದು ಕಣ್ಣು ಸಮೇತ ತೆಗೆದು, ಹರಿದ ಬಟ್ಟೆಗೆ ತೇಪೆ ಹಾಕುವಂತೆ ಅಲ್ಲಿ ಕೂಡಿಸಿ ಬಿಗಿಯಾಗಿ ಕಟ್ಟುತ್ತಾರೆ. ಅಳತೆಯು ಸರಿಯಾಗಿರಬೇಕೆಂದು ಎರಡು ಅಲಗುಗಳನ್ನು ಸಮಾನಾಂತರವಾಗಿ ಜೋಡಿಸಿದ ಚಾಕುವನ್ನು ಬಳಸುವುದುಂಟು. ವಸಂತಕಾಲದಲ್ಲಾದರೆ, ನಿದ್ರೆಯಲ್ಲಿರುವಾಗಲೇ ಕೊಯ್ದು ತಂಪಿನಲ್ಲಿ ಇಟ್ಟ ಕಡ್ಡಿಯನ್ನು, ಚಿಗುರುತ್ತಿರುವ ಸಸಿಯ ತೊಗಟೆಯನ್ನು ಬಾಳೆಹಣ್ಣಿನ ಸಿಪ್ಪೆಯಂತೆ ನಾಲ್ಕು ಎಸಳಾಗಿ ಸುಲಿದು, ಅದರ ನಡುವೆ ಸೇರಿಸಿ ಕಟ್ಟುತ್ತಾರೆ. ನಮ್ಮ ಮಾವಿನ ಕಸಿಗಾರರಿಗೆ ಇದಾವುದೂ ಕಷ್ಟವಾದ ಕೆಲಸವಲ್ಲ. ಪೆಕಾನಿನಲ್ಲಿ ಕಷ್ಟವಿರುವುದು ಕಸಿಯಲ್ಲಲ್ಲ, ಅದರ ಮುಂದಿನ ಸಂಗತಿಗಳಲ್ಲಿ.

ಸಸಿಯನ್ನು ಎತ್ತಿ ನೆಡುವಾಗ ತಾಯಿಬೇರಿನ ವಿಷಯದಲ್ಲಿ ಜಾಗರೂಕತೆಯು ಅಗತ್ಯ. ಮೂರು ಅಡಿ ಆಳದ ಗುಣಿಯಲ್ಲಿ ಬೇರನ್ನು ಬಾಗಿಸದೆ ನೆಟ್ಟಗೆ ಇಳಿಯಬಿಟ್ಟು, ಬೇರು ಕಳೆದುಕೊಂಡಷ್ಟಕ್ಕೆ ಸರಿಯಾಗಿ ಮೇಲಿನ ಕಾಂಡದ ಮೂರನೆಯ ಒಂದು ಭಾಗದಿಂದ ಅರ್ಧದ ವರೆಗೆ ಕತ್ತರಿಸಿಬಿಡಬೇಕು. ಮನೆಯವರಿಗೆ ಇದು ಮನಸ್ಸಿಗೆ ಬರುವುದಿಲ್ಲ. ಕತ್ತರಿಸದ ಗಿಡವೇ ಮೊದಲು ಒಣಗುವುದನ್ನು ನೋಡಿದ ಮೇಲೆ ಬರುತ್ತದೆ. ಮೊದಲ ಮೂರು ವರ್ಷಗಳಲ್ಲಿ ಗಿಡದ ಸುತ್ತ ಹುಲ್ಲು ಬೆಳೆಯಗೊಡಬಾರದು. ಕಸಿಗಿಡವು ಐದರಿಂದ ಏಳನೆಯ ವರ್ಷದಲ್ಲಿ ಮೊದಲ ಕಾಯಿಗಳನ್ನು ತೋರಿಸಿ, ಹತ್ತು ಹನ್ನೆರಡು ವರ್ಷಗಳ ತರುವಾಯ ಖರ್ಚನ್ನು ಮೀರಿದ ಫಸಲನ್ನು ಕೊಡಲಾರಂಭಿಸುತ್ತದೆ. ಸಾಲುಗಳಿಗೆ ಮೊದಲು ೩೫ ರಿಂದ ೪೦ ಅಡಿ ಅಂತರವಿಟ್ಟು, ಮರಗಳ ತಲೆಗಳು ಒಂದನ್ನೊಂದು ಮುಟ್ಟಿದಾಗ ನಡುವಿನ ಮರಗಳನ್ನು ತೆಗೆದುಹಾಕುವುದು ಪದ್ಧತಿ. ಬೆಳೆದುನಿಂತ ಮರವನ್ನು ಕಡಿಯುವುದಕ್ಕೆ ಮನಸ್ಸಾಗದವನ ತೋಟದಲ್ಲಿ ಬಿಸಿಲು ಬೀಳದೆ ಎಲ್ಲ ಮರಗಳೂ ಬಂಜೆಯಾಗುತ್ತವೆ.

ಹೂವು ಮತ್ತು ಜೊತೆಮರದ ವಿಚಾರ

ಗಂಡು ಹೂಗಳೂ ಹೆಣ್ಣು ಹೂಗಳೂ ಒಂದೇ ಮರದಲ್ಲಿ ಬೇರೆಬೇರೆ ಸ್ಥಾನಗಳಲ್ಲಿ ಬರುತ್ತವೆ. ಗಂಡುಹೂಗಳು ಹಿಂದಿನ ವರ್ಷದ ಕಡ್ಡಿಯಲ್ಲಿ ಸಣ್ಣ ಜಡೆಗಳಂತೆ ಜೋತುಬೀಳುವುವು. ಹೆಣ್ಣುಹೂಗಳು ಹೊಸ ಚಿಗುರಿನ ತುದಿಯಲ್ಲಿ ಗೊಂಚಲಾಗಿರುವುವು. ಪರಾಗವನ್ನು ಒಯ್ಯುವುದು ಜೇನಲ್ಲ, ಗಾಳಿ. ಇಲ್ಲಿಯ ವರೆಗೆ ತೊಡಕೇನೂ ಇಲ್ಲ. ತೊಡಕೆಂದರೆ, ಒಂದೇ ಮರದ ಗಂಡು ಹೆಣ್ಣುಗಳು ಒಂದೇ ಕಾಲದಲ್ಲಿ ಸಿದ್ಧವಾಗುವುದಿಲ್ಲ. ಕೆಲವು ತಳಿಗಳಲ್ಲಿ ಮೊದಲು ಪರಾಗವು ಉದುರಿ ತೀರಿದ ಮೇಲೆ ಹೆಣ್ಣು ಹೂವು ಅರಳುತ್ತದೆ; ವೆಸ್ಟರ್ನ್, ಡಿಸೈರಬಲ್, ಪಾನೀ ಎಂಬ ತಳಿಗಳು ಈ ವರ್ಗದವು. ಉಳಿದವುಗಳಲ್ಲಿ ಹೆಣ್ಣು ಹೂವು ಮೊದಲು ಅರಳಿ, ಪರಾಗವು ಆಮೇಲೆ ಬರುತ್ತದೆ. ವಿಚಿಟಾ, ಸ್ಟುವರ್ಟ್, ಎಲಿಯಟ್ ಎಂಬುವು ಈ ಎರಡನೆಯ ವರ್ಗದವು. ಒಂದು ವರ್ಗದ ತಳಿಯನ್ನು ಮಾತ್ರ ನೆಟ್ಟವನಿಗೆ ಮರವು ಹುಲುಸಾಗಿ ಬೆಳೆದರೂ ಕಾಯಿ ತೆಳುವಾಗಿಯೇ ಕಚ್ಚುವುದು. ಎರಡು ವರ್ಗಗಳ ಮರಗಳೂ ತೋಟದಲ್ಲಿರಬೇಕು, ಮತ್ತು ದೂರವಾಗಿರಬಾರದು. ಜೊತೆಮರವು ಸುಮಾರು ೧೫೦ ಅಡಿಗಳಿಗಿಂತ ಹೆಚ್ಚು ದೂರವಾದರೆ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆಂದು ತೋಟಗಳಲ್ಲಿ ಕಂಡುಕೊಂಡಿದ್ದಾರೆ. ಹೂಬಿಡುವ ದಿನಗಳಲ್ಲಿ ಮಳೆ ಹಿಡಿದರೆ ಪರಾಗವು ಹಾರುವುದಿಲ್ಲ. ಆ ವರ್ಷದ ಬೆಳೆಯು ಅಷ್ಟರ ಮಟ್ಟಿಗೆ ನಷ್ಟವೇ.

ಭೂಮಿ, ನೀರು, ಗೊಬ್ಬರ

ಪೆಕಾನಿಗೆ ಬೇಕಾದುದು ಆಳವಾದ, ನೀರು ಬಸಿಯುವ ಮೆಕ್ಕಲು ಮಣ್ಣು ಅಥವಾ ಗೋಡುಮಣ್ಣು. ಅದರ ತವರಿನಲ್ಲಿಯೂ ಅದು ಹೊಳೆಯ ಅಂಚಿನ ಜೌಗಿನಲ್ಲಿ ನಿಲ್ಲದೆ, ಪ್ರವಾಹದ ಮಣ್ಣು ಬಿದ್ದು ತುಸು ಎತ್ತರವಾದ ದಿಬ್ಬಗಳನ್ನು ಆರಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಕೆಲವು ದಿನ ನೀರು ನಿಂತರೆ ತಾಳಿಕೊಳ್ಳುತ್ತದೆ. ಬೆಳೆಯುವ ಕಾಲದಲ್ಲಿ ಬಹಳ ದಿನ ನಿಂತರೆ ಬೇರು ಉಸಿರಾಡದೆ ಕೊಳೆಯುತ್ತದೆ. ಮೂರು ನಾಲ್ಕು ಅಡಿಗಳಲ್ಲಿ ಕಲ್ಲೋ ಗಟ್ಟಿಪದರವೋ ಸಿಕ್ಕುವ ನೆಲವೂ, ಚೌಳು ಭೂಮಿಯೂ ಇದಕ್ಕೆ ಸಲ್ಲವು.

ನೀರಿನ ವಿಷಯದಲ್ಲಿ ಪೆಕಾನ್ ಬಲು ಖರ್ಚಿನ ಮರ. ಬೇಸಗೆಯ ಉಚ್ಚಕಾಲದಲ್ಲಿ ಬೆಳೆದ ಮರವೊಂದು ದಿನಕ್ಕೆ ೧೫೦ ರಿಂದ ೨೦೦ ಗ್ಯಾಲನ್ ನೀರನ್ನು ಹೀರುತ್ತದೆಂದು ಲೆಕ್ಕವಿದೆ. ನೀರು ಬೇಕಾಗುವ ಕಾಲವನ್ನೂ ತಿಳಿದಿರಬೇಕು. ಹೂವಾದ ಮೊದಲ ತಿಂಗಳುಗಳಲ್ಲಿ ಕಾಯಿಯು ಗಾತ್ರದಲ್ಲಿ ಬೆಳೆಯುತ್ತದೆ. ಆಗ ಒಳಗೆ ತಿರುಳಿರುವುದಿಲ್ಲ, ಎಳನೀರಿನಂತೆ ಬರಿಯ ನೀರಿರುತ್ತದೆ. ಬೇಸಗೆಯ ಕೊನೆಗೆ ಚಿಪ್ಪು ಗಟ್ಟಿಯಾದ ಬಳಿಕ ತಿರುಳು ತುಂಬಲು ಮೊದಲಾಗುತ್ತದೆ. ಮೊದಲಿನ ನೀರು ತಪ್ಪಿದರೆ ಕಾಯಿ ಸಣ್ಣದಾಗುವುದು. ಕೊನೆಯ ನೀರು ತಪ್ಪಿದರೆ ಹೊರಗೆ ಅಂದವಾಗಿ ಕಾಣುವ ಕಾಯಿಯು ಒಡೆದಾಗ ಜೊಳ್ಳಾಗಿರುವುದು. ಗಾತ್ರವನ್ನು ನೋಡಿ ಮೋಸಹೋದ ವರ್ತಕರು ಮರುವರ್ಷ ಆ ತೋಟದ ಕಡೆಗೆ ಬರುವುದಿಲ್ಲ.

ಸತುವಿನ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಏಕೆಂದರೆ ಅದು ನಮ್ಮ ಭೂಮಿಗಳಿಗೂ ಸಂಬಂಧಪಟ್ಟುದು. ಪೆಕಾನ್ ತೋಟಗಳಲ್ಲಿ ಬಹುಕಾಲದಿಂದಲೂ ಒಂದು ವ್ಯಾಧಿಯಿತ್ತು. ಎಲೆಗಳು ಹಳದಿಯಾಗಿ, ಕಿರಿದಾಗಿ, ಕಡ್ಡಿಯ ತುದಿಯಲ್ಲಿ ಕುಚ್ಚಿನಂತೆ ಗುಂಪುಗೂಡಿ, ಆಮೇಲೆ ಕೊಂಬೆಯೇ ತುದಿಯಿಂದ ಒಣಗುತ್ತ ಬರುತ್ತಿತ್ತು. ಕೆಲವರು ಇದನ್ನು ಅಂಟುಜಾಡ್ಯವೆಂದರು. ಕಬ್ಬಿಣದ ಅಂಶವು ಸಾಲದೆಂದು ಭಾವಿಸಿದವರು ಕಬ್ಬಿಣದ ಲವಣಗಳ ದ್ರಾವಣವನ್ನು ಪ್ರಯೋಗಿಸಿದರು. ವಿಚಿತ್ರವೆಂದರೆ, ಅದೇ ದ್ರಾವಣವು ಕೆಲವು ಸಲ ವ್ಯಾಧಿಯನ್ನು ಗುಣಪಡಿಸಿತು, ಕೆಲವು ಸಲ ಏನೂ ಆಗಲಿಲ್ಲ. ವಿಚಾರಿಸಿ ನೋಡಿದಾಗ, ಗುಣವನ್ನು ಕೊಟ್ಟ ದ್ರಾವಣವನ್ನು ಸತುವಿನ ಲೇಪವುಳ್ಳ ತಗಡಿನ ಪಾತ್ರೆಯಲ್ಲಿ ಕಲಸಿದ್ದರೆಂದು ತಿಳಿಯಿತು. ಪಾತ್ರೆಯಿಂದ ಕರಗಿ ಬಂದ ಸತುವೇ ಔಷಧಿಯಾಗಿದ್ದಿತು. ಕಬ್ಬಿಣಕ್ಕೆ ಅದರಲ್ಲಿ ಪಾತ್ರವಿರಲಿಲ್ಲ. ಇದನ್ನು ೧೯೩೨ರಲ್ಲಿ ಪ್ರಕಟಿಸಿದರು. ಅಂದಿನಿಂದ ವಸಂತಕಾಲದಲ್ಲಿ ಎಳೆಯ ಎಲೆಗಳ ಮೇಲೆ ಸತುವಿನ ಲವಣವನ್ನು ಸಿಂಪಡಿಸುವುದು, ಮುಖ್ಯವಾಗಿ ಸುಣ್ಣದ ಅಂಶ ಹೆಚ್ಚಾಗಿರುವ ಪಶ್ಚಿಮದ ಭೂಮಿಗಳಲ್ಲಿ, ಪೆಕಾನ್ ಬೇಸಾಯದ ನಿತ್ಯಕರ್ಮವಾಗಿದೆ. ಸುಣ್ಣದ ಮಣ್ಣಿನಲ್ಲಿ ಸತುವು ಇದ್ದರೂ ಬೇರಿಗೆ ದೊರಕದಂತೆ ಬಂಧಿತವಾಗುವುದರಿಂದ ಎಲೆಯ ಮೂಲಕವೇ ಕೊಡಬೇಕಾಗುವುದು. ನಮ್ಮ ನಿಂಬೆ, ಕಿತ್ತಲೆ ಗಿಡಗಳಲ್ಲಿ ಎಲೆಯ ನರಗಳು ಹಸುರಾಗಿಯೇ ಉಳಿದು ನಡುವೆ ಹಳದಿಯಾಗಿ, ಎಲೆ ಕಿರಿದಾಗುವುದೂ ಇದೇ ಸತುವಿನ ಕೊರತೆಯಿಂದಲೇ. ಹೀಗೆಯೇ ಎಲೆಯ ತುದಿಯು ಇಲಿಯ ಕಿವಿಯಂತೆ ದುಂಡಗಾಗುವ ಇನ್ನೊಂದು ವ್ಯಾಧಿಗೆ ನಿಕಲ್ ಎಂಬ ಲೋಹದ ಕೊರತೆಯೇ ಕಾರಣವೆಂದು ೨೦೦೪ರ ಸುಮಾರಿಗೆ ಗೊತ್ತಾಯಿತು.

ಒಂದು ವರ್ಷ ತುಂಬು ಬೆಳೆ, ಮರುವರ್ಷ ಬರಿಗೈ

ನಮ್ಮ ಮಾವಿನಂತೆಯೇ ಪೆಕಾನಿಗೂ ವರ್ಷ ಬಿಟ್ಟು ವರ್ಷ ಫಲಿಸುವ ದೋಷವುಂಟು. ತಿರುಳಿನಲ್ಲಿ ಎಣ್ಣೆಯನ್ನು ತುಂಬುವುದೆಂದರೆ ಮರಕ್ಕೆ ಬಹಳ ಆಯಾಸದ ಕೆಲಸ. ಅದು ಎಲೆ ಉದುರುವ ಕಾಲಕ್ಕೆ ಹತ್ತಿರವಾಗಿಯೇ ನಡೆಯುವುದರಿಂದ, ಬೇರು ಕಾಂಡಗಳಲ್ಲಿ ಮುಂದಿನ ವರ್ಷಕ್ಕಾಗಿ ಕೂಡಿಟ್ಟುಕೊಳ್ಳಬೇಕಾದುದೆಲ್ಲ ಕಾಯಿಗೆ ಹೋಗಿ, ಮರುವಸಂತದಲ್ಲಿ ಹೆಣ್ಣು ಹೂಗಳೇ ಬರುವುದಿಲ್ಲ. ಇದಕ್ಕೆ ಎರಡು ಉಪಾಯಗಳಿವೆ. ಎಲೆಗಳನ್ನು ರೋಗಕೀಟಗಳಿಂದ ಕಾಪಾಡಿ, ಕೊಯ್ಲಿನ ನಂತರವೂ ಅವು ಹಸುರಾಗಿ ಮರದ ಮೇಲೆ ನಿಲ್ಲುವಂತೆ ಮಾಡುವುದು ಒಂದು. ಬೆಳೆ ಅತಿಯಾದ ವರ್ಷದಲ್ಲಿ, ತಿರುಳು ತುಂಬುವುದಕ್ಕೆ ಮುಂಚಿತವಾಗಿ, ಯಂತ್ರದಿಂದ ಬೊಡ್ಡೆಯನ್ನು ಅಲುಗಿಸಿ ಎಳೆಗಾಯಿಗಳಲ್ಲಿ ಒಂದು ಭಾಗವನ್ನು ಉದುರಿಸಿಬಿಡುವುದು ಇನ್ನೊಂದು. ಕಚ್ಚಿದ ಕಾಯನ್ನು ಕೈಯಾರೆ ಕೆಡವುವುದು ಹುಚ್ಚೆಂದು ಮೊದಲು ನಕ್ಕವರೇ, ಮರುವರ್ಷದ ಲೆಕ್ಕವನ್ನು ನೋಡಿ ಈಗ ಹಾಗೆ ಮಾಡುತ್ತಿದ್ದಾರೆ.

ರೋಗ ಮತ್ತು ಕೀಟಗಳು

ಪೆಕಾನಿನ ಮುಖ್ಯ ಶತ್ರು ಕಜ್ಜಿರೋಗ. ಇದು ಒಂದು ಬೂಷ್ಟಿನಿಂದ ಬರುವುದು. ಎಲೆಯ ಮೇಲೂ ಕಾಯಿಯ ಸಿಪ್ಪೆಯ ಮೇಲೂ ಕಪ್ಪು ಚುಕ್ಕೆಗಳಾಗಿ ಹಬ್ಬಿ, ಕಾಯಿಯು ಬಲಿಯುವ ಮುಂಚೆಯೇ ಕಪ್ಪಾಗಿ ಉದುರುವುದು. ಹವೆಯಲ್ಲಿ ತೇವ ಹೆಚ್ಚಿದಷ್ಟೂ ರೋಗವು ಹೆಚ್ಚುತ್ತದೆ. ಜಾರ್ಜಿಯಾ ಪ್ರಾಂತದಲ್ಲಿ ರೋಗವನ್ನು ತಡೆಯಲಾರದ ತಳಿಗಳಿಗೆ ಒಂದೇ ಕಾಲದಲ್ಲಿ ಹತ್ತು ಸಲ, ಅದಕ್ಕಿಂತಲೂ ಹೆಚ್ಚು ಸಲ ಔಷಧಿ ಸಿಂಪಡಿಸುತ್ತಾರೆ. ಆ ಕಾರಣದಿಂದಲೇ ಮಳೆ ಕಡಮೆಯಾದ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿಯೂ ಮೆಕ್ಸಿಕೋ ದೇಶದ ಚಿವಾವಾ ಪ್ರಾಂತದಲ್ಲಿಯೂ ನೀರಾವರಿಯ ತೋಟಗಳು ವೃದ್ಧಿಯಾಗಿವೆ. ಅಲ್ಲಿ ರೋಗದ ಖರ್ಚಿಲ್ಲ, ನೀರಿನ ಖರ್ಚುಂಟು. ಮೂತಿಹುಳುವಿನ ಕಾಟವೂ ಸಣ್ಣದಲ್ಲ. ಬೇಸಗೆಯ ಕೊನೆಯ ಮಳೆಗೆ ನೆಲ ಮೆತ್ತಗಾದಾಗ ಹುಳುವು ಮೇಲಕ್ಕೆದ್ದು, ತಿರುಳು ತುಂಬುತ್ತಿರುವ ಕಾಯಿಗೆ ತೂತು ಕೊರೆದು ಮೊಟ್ಟೆಯಿಡುತ್ತದೆ. ಮರಿಯು ತಿರುಳನ್ನು ತಿಂದು ಮುಗಿಸಿ, ನೆಲಕ್ಕಿಳಿದು ಒಂದೆರಡು ವರ್ಷ ಮಣ್ಣಿನಲ್ಲಿ ಅಡಗಿರುತ್ತದೆ. ಕಾಗೆಗಳೂ ಅಳಿಲುಗಳೂ ತಮ್ಮ ಪಾಲನ್ನು ಎಲ್ಲ ದೇಶಗಳಲ್ಲಿಯೂ ತೆಗೆದುಕೊಳ್ಳುತ್ತವೆ.

ಗಾಳಿಯ ಭಯವನ್ನೂ ಹೇಳಬೇಕು. ೨೦೧೮ರ ಅಕ್ಟೋಬರ್ ತಿಂಗಳಿನಲ್ಲಿ ಬೀಸಿದ ಮೈಕೇಲ್ ಎಂಬ ಚಂಡಮಾರುತವು, ಜಾರ್ಜಿಯಾ ಪ್ರಾಂತದ ನೈಋತ್ಯ ಭಾಗದಲ್ಲಿ ಕಾಯಿ ತುಂಬಿನಿಂತಿದ್ದ ಮರಗಳನ್ನು ಬೇರುಸಹಿತ ಕೆಡವಿತು. ಅಜ್ಜಂದಿರು ನೆಟ್ಟ ಮರಗಳು ಒಂದು ರಾತ್ರಿಯಲ್ಲಿ ಹೋದವು. ಬೆಳೆನಷ್ಟಕ್ಕೆ ಪರಿಹಾರವುಂಟಾಗಬಹುದು, ಹೊಸ ಮರವು ಫಲಕ್ಕೆ ಬರುವ ಹತ್ತು ವರ್ಷಗಳನ್ನು ಯಾರೂ ಕೊಡಲಾರರು.

ನಮ್ಮ ನಾಡಿನಲ್ಲಿ ಇದರ ಬೇಸಾಯವು ಸಾಧ್ಯವೇ?

ಭಾರತದಲ್ಲಿ ಹಿಮಾಚಲ ಪ್ರದೇಶ, ಜಮ್ಮು ಮತ್ತು ಕಾಶ್ಮೀರ, ಉತ್ತರಾಖಂಡಗಳ ಮಧ್ಯಮ ಎತ್ತರದ ಬೆಟ್ಟಗಳಲ್ಲಿ ಪೆಕಾನನ್ನು ಅಲ್ಪಪ್ರಮಾಣದಲ್ಲಿ ಬೆಳೆಯುತ್ತಾರೆ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಮಣ್ಣನ್ನು ಸರಿಪಡಿಸಬಹುದು, ಸತುವನ್ನು ಸಿಂಪಡಿಸಬಹುದು, ನೀರನ್ನು ಹೇಗಾದರೂ ಒದಗಿಸಬಹುದು. ಚಳಿಯನ್ನು ತರಲು ಸಾಧ್ಯವಿಲ್ಲ. ಎಲೆಯುದುರಿ ನಿದ್ರೆ ಹೋದ ಮರವು ವಸಂತದಲ್ಲಿ ಒಟ್ಟಿಗೆ ಎಚ್ಚತ್ತು ಚಿಗುರಬೇಕಾದರೆ, ಸೆಂಟಿಗ್ರೇಡ್ ಏಳು ಡಿಗ್ರಿಗಿಂತ ಕೆಳಗಿನ ಚಳಿಯು ಕೆಲವು ನೂರು ಗಂಟೆಗಳಾದರೂ ಆಗಿರಬೇಕೆಂಬುದು ಸಾಮಾನ್ಯವಾದ ಲೆಕ್ಕ. ಸೇಬಿನಷ್ಟು ಕಟ್ಟುನಿಟ್ಟಲ್ಲದಿದ್ದರೂ, ಚಳಿ ಸಾಲದ ಕಡೆಗಳಲ್ಲಿ ಪೆಕಾನ್ ಒಂದು ಕೊಂಬೆಯಲ್ಲಿ ಚಿಗುರಿ ಇನ್ನೊಂದರಲ್ಲಿ ಬೋಳಾಗಿ ನಿಲ್ಲುವುದು, ಗಂಡು ಹೆಣ್ಣು ಹೂಗಳ ಕಾಲವು ಇನ್ನಷ್ಟು ಏರುಪೇರಾಗುವುದು. ಬೆಂಗಳೂರಿನಲ್ಲಿ ದಾಖಲೆಯಾದ ಅತ್ಯಂತ ಕಡಮೆ ಉಷ್ಣತೆಯು ೧೮೮೪ರ ಜನವರಿಯ ೭·೮ ಡಿಗ್ರಿ. ಎಂದರೆ, ಪೆಕಾನ್ ಕೇಳುವ ಚಳಿಯು ಅಲ್ಲಿ ಒಂದು ಗಂಟೆಯ ಮಟ್ಟಿಗೂ ದಾಖಲೆಯಲ್ಲಿಲ್ಲ. ಉತ್ತರದ ಜಿಲ್ಲೆಗಳಲ್ಲಿ ಕೆಲವು ಇರುಳು ಅದಕ್ಕಿಂತ ಕೆಳಗಿಳಿಯುವುದುಂಟು. ಕೆಲವು ಇರುಳುಗಳಿಂದ ನೂರಾರು ಗಂಟೆಗಳು ಕೂಡಿಬರುವುದಿಲ್ಲ. ಮಲೆನಾಡಿನಲ್ಲಿ ತಂಪಿದೆಯೆಂದು ಯೋಚಿಸುವವರು, ಅಲ್ಲಿನ ಮುಂಗಾರಿನ ತೇವವು ಕಜ್ಜಿರೋಗಕ್ಕೆ ಹಾಸಿಗೆ ಹಾಸಿಕೊಟ್ಟಂತೆ ಎಂಬುದನ್ನು ಜ್ಞಾಪಿಸಿಕೊಳ್ಳಬೇಕು.

ಗ್ರಾಮದ ಮುಖಂಡರು ಇದನ್ನು ವಿಶೇಷವಾಗಿ ಗಮನಿಸುವುದು ಒಳ್ಳೆಯದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜಾರ್ಜಿಯಾದ ಆಲ್ಬನಿ ಎಂಬ ಊರಿನ ಸುತ್ತ, ಭೂಮಿಯ ಕಂಪೆನಿಗಳು ಪೆಕಾನ್ ತೋಟಗಳನ್ನು ಐದು ಹತ್ತು ಎಕರೆಗಳ ತುಂಡುಗಳಾಗಿ ಮಾಡಿ, ಆ ನೆಲವನ್ನು ಕಣ್ಣಿನಿಂದ ಕಾಣದ ದೂರದ ಜನರಿಗೆ ಮಾರಿದವು. ಮರದ ತವರಿಗೆ ಅಷ್ಟು ಸಮೀಪದಲ್ಲಿಯೂ ಅನೇಕರು ಹಣವನ್ನು ಕಳೆದುಕೊಂಡರು. ೧೯೯೦ರ ದಶಕದಲ್ಲಿ ನಮ್ಮ ದೇಶದಲ್ಲಿಯೂ ತೇಗದ ತೋಟಗಳ ಹೆಸರಿನಲ್ಲಿ ಹಣವನ್ನು ಕೂಡಿಸಿದ ಕಂಪೆನಿಗಳ ಸಂಗತಿಯು ಹಿರಿಯರಿಗೆ ನೆನಪಿರಬಹುದು. ಹೊಸ ಮರದ ಸಸಿಗಳನ್ನು ಹಿಡಿದು ಯಾರಾದರೂ ಊರಿಗೆ ಬಂದರೆ, ಮೊದಲು ಕೇಳಬೇಕಾದ ಪ್ರಶ್ನೆಗಳು ಇವು: ಇದು ಬೀಜದ ಗಿಡವೋ ಕಸಿಯ ಗಿಡವೋ, ಜೊತೆಮರ ಯಾವುದು, ಇದೇ ಹವೆಯ ಊರಿನಲ್ಲಿ ಕಾಯಿ ಬಿಟ್ಟ ಮರವನ್ನು ಎಲ್ಲಿ ನೋಡಬಹುದು. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮುಂದಿನ ಮಾತು ಅನಾವಶ್ಯಕ.

ಬೀಜದ ತಿರುಳನ್ನು ಮಾರುವ ಬೆಳೆಯೇ ಬೇಕೆನ್ನುವವರಿಗೆ ಕರಾವಳಿಯ ಜಂಬಿಟ್ಟಿಗೆಯ ನೆಲದಲ್ಲಿಯೂ ಅದರ ಮೇಲಿನ ಗುಡ್ಡಗಳಲ್ಲಿಯೂ ಗೇರು ಇದೆ. ಅದರ ಕಸಿಗಿಡ ಮತ್ತು ತಳಿಗಳ ವಿಷಯವನ್ನು ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ ವಿಚಾರಿಸಬಹುದು. ಕಾವಿಗೂ ಅಚ್ಚಿಗೂ ಗಟ್ಟಿಮರ ಬೇಕೆನ್ನುವವರಿಗೆ ನಮ್ಮ ಕುರುಚಲು ಕಾಡಿನ ದಿಂಡಿಗವೇ ಇದೆ. ಇಷ್ಟರ ಮೇಲೂ ಕುತೂಹಲಕ್ಕಾಗಿ ಪೆಕಾನನ್ನು ನೆಡುವ ಮನಸ್ಸುಳ್ಳವರು, ಎರಡು ವರ್ಗಗಳಿಂದ ಒಂದೊಂದು ಕಸಿಗಿಡವನ್ನು ಮನೆಯ ಹಿಂದಿನ ಆಳವಾದ ಮಣ್ಣಿನಲ್ಲಿ, ಒಂದಕ್ಕೊಂದು ನಲವತ್ತು ಅಡಿ ದೂರದಲ್ಲಿ ನೆಟ್ಟು ನೋಡಬಹುದು. ಅವು ಕಾಯಿ ಬಿಡದಿದ್ದರೂ ನೆರಳನ್ನು ಕೊಡುತ್ತವೆ. ರಾಗಿ ಬೆಳೆಯುವ ಎಕರೆಯನ್ನು ಮಾತ್ರ ಅದಕ್ಕಾಗಿ ಬಿಡಬಾರದು.